ಎಲೆಕ್ಟ್ರಿಕ್ ಕಾರು ಪರಿಸರಕ್ಕೆ ಒಳ್ಳೆಯದೇ? ಬ್ಯಾಟರಿ ಎಷ್ಟು ದೊಡ್ಡದು, ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲು ನೋಡಿ

ನಿಮಗೆ ದಿನಕ್ಕೆ ಸುಮಾರು 40 ಕಿ.ಮೀ. ಓಡಾಟವಿದೆ, ಈಗಿರುವ ಪೆಟ್ರೋಲ್ ಕಾರು ಇನ್ನೂ ಚೆನ್ನಾಗಿಯೇ ಇದೆ. ಪರಿಸರದ ಕಾಳಜಿಯಿಂದ ಎಲೆಕ್ಟ್ರಿಕ್ ಕಾರು ಕೊಳ್ಳೋಣ ಎಂದರೆ ಸ್ನೇಹಿತರು "ಕರೆಂಟೇ ಕಲ್ಲಿದ್ದಲಿನಿಂದ ಬರುತ್ತೆ, ಬ್ಯಾಟರಿ ಮಾಡೋಕೆ ಗುಡ್ಡ ಅಗೀತಾರೆ, ಇದೆಲ್ಲ ಬರೀ ತೋರಿಕೆ" ಅನ್ನುತ್ತಾರೆ. ಇದರಲ್ಲಿ ನಿಜವೆಷ್ಟು, ದಿನನಿತ್ಯದ ತೊಂದರೆಗಳೇನು ಎಂದು ಕೇಳಿದ್ದೀರಿ.

ನಾನು ಕೆಲವು ವರ್ಷಗಳಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ನಿಮ್ಮ ಸ್ನೇಹಿತರು ಹೇಳುವ ಎರಡೂ ಮಾತು ನಿಜ, ಆದರೆ ಅವರು ಮುಟ್ಟಿರುವ ತೀರ್ಮಾನ ಸರಿಯಲ್ಲ. ಪರಿಸರಕ್ಕೆ ಲಾಭವೋ ನಷ್ಟವೋ ಅನ್ನುವುದನ್ನು ನಿರ್ಧರಿಸುವುದು ಮೂರು ಸಂಗತಿ: ಕರೆಂಟ್ ಎಲ್ಲಿಂದ ಬರುತ್ತದೆ, ಬ್ಯಾಟರಿ ಎಷ್ಟು ದೊಡ್ಡದು, ಕಾರು ಒಟ್ಟು ಎಷ್ಟು ದೂರ ಓಡುತ್ತದೆ. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎರಡನೆಯದು ನಮ್ಮ ಕೈಯಲ್ಲೇ ಇರುವಂಥದ್ದು, ಅದರ ಬಗ್ಗೆ ಮಾತೇ ಬರುವುದಿಲ್ಲ ಎಂಬುದು ನನ್ನ ಬೇಸರ.

ಒಂದು ಸಣ್ಣ ಲೆಕ್ಕ ಮಾಡೋಣ. ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ, ಹಾಗಾಗಿ ಯೂನಿಟ್ ಎಂದೇ ಬರೆಯುತ್ತೇನೆ.

ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಮಾತ್ರ. ಉಳಿದದ್ದು ಬಿಸಿಯಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಗಾಳಿಗೆ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಪ್ಲಗ್ಗಿನಿಂದ ಎಳೆದ ಕರೆಂಟಿನ ಬಹುಪಾಲು ಚಕ್ರ ತಿರುಗಿಸುವುದಕ್ಕೇ ಹೋಗುತ್ತದೆ. ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಮಧ್ಯಮ ಗಾತ್ರದ ಕಾರಿಗೆ 100 ಕಿ.ಮೀ.ಗೆ ಸುಮಾರು 18 ಯೂನಿಟ್ ಬೇಕು. ಬರೀ ಕಲ್ಲಿದ್ದಲಿನಿಂದ ಮಾಡಿದ ಒಂದು ಯೂನಿಟ್ಟಿಗೆ ಸುಮಾರು 950 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಕಿ.ಮೀ.ಗೆ 170 ಗ್ರಾಂ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ., ಅಂದರೆ ಕಿ.ಮೀ.ಗೆ 153 ಗ್ರಾಂ. ಇದರ ಮೇಲೆ ಕಚ್ಚಾ ತೈಲ ತೆಗೆಯುವುದು, ಸಂಸ್ಕರಿಸುವುದು, ಸಾಗಿಸುವುದು ಎಲ್ಲ ಸೇರಿದರೆ 185ರ ಆಸುಪಾಸು. ಪೂರ್ತಿ ಕಲ್ಲಿದ್ದಲಿನ ಕರೆಂಟಾದರೆ ಎರಡೂ ಹೆಚ್ಚುಕಡಿಮೆ ಒಂದೇ ಎಂದಾಯಿತು. ಸ್ನೇಹಿತರ ಮಾತಿಗೆ ಇಷ್ಟು ಆಧಾರವಂತೂ ಇದೆ.

ಆದರೆ ಪೂರ್ತಿ ಕಲ್ಲಿದ್ದಲಿನ ಮೇಲೆ ನಡೆಯುವ ವಿದ್ಯುತ್ ಜಾಲ ಅಪರೂಪ. ಇಡೀ ಜಗತ್ತಿನ ಸರಾಸರಿ ಯೂನಿಟ್ಟಿಗೆ 450ರಿಂದ 480 ಗ್ರಾಂ ಇದೆ. ಆ ಲೆಕ್ಕದಲ್ಲಿ ಎಲೆಕ್ಟ್ರಿಕ್ ಕಾರಿನದು ಕಿ.ಮೀ.ಗೆ ಸುಮಾರು 83 ಗ್ರಾಂ, ಪೆಟ್ರೋಲ್ ಕಾರಿನ ಅರ್ಧಕ್ಕಿಂತ ಕಡಿಮೆ. ನಾರ್ವೆಯ ಕರೆಂಟ್ ಬಹುತೇಕ ಜಲವಿದ್ಯುತ್ತು. ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಹತ್ತಿರ ಹತ್ತಿರ ಒಂಬತ್ತು ಪೂರ್ಣ ಎಲೆಕ್ಟ್ರಿಕ್. ಅಂಥ ಕಡೆ ಓಡುವ ಕಾರಿನ ಲೆಕ್ಕ ಬೆರಳೆಣಿಕೆಯ ಗ್ರಾಂಗಳಿಗೆ ಇಳಿಯುತ್ತದೆ. ಇನ್ನೊಂದು ಮುಖ್ಯ ಸಂಗತಿ ಇದೆ. ಇವತ್ತು ಕೊಂಡ ಪೆಟ್ರೋಲ್ ಕಾರು ಹಳೆಯದಾದಂತೆ ಹೊಗೆ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲೆಕ್ಟ್ರಿಕ್ ಕಾರು ಹಾಗಲ್ಲ. ಜಾಲಕ್ಕೆ ಗಾಳಿ, ಬಿಸಿಲಿನ ವಿದ್ಯುತ್ ಸೇರಿದಷ್ಟೂ ಅದೇ ಹಳೆಯ ಕಾರು ವರ್ಷದಿಂದ ವರ್ಷಕ್ಕೆ ಶುದ್ಧವಾಗುತ್ತದೆ. ನನ್ನನ್ನು ಎಲೆಕ್ಟ್ರಿಕ್ ಕಡೆಗೆ ಒಲಿಸಿದ್ದು ಈ ಒಂದು ವಿಷಯ.

ಈಗ ಬ್ಯಾಟರಿ. ಒಂದು ಯೂನಿಟ್ ಸಾಮರ್ಥ್ಯದ ಬ್ಯಾಟರಿ ತಯಾರಾಗುವಾಗ ಸುಮಾರು 60ರಿಂದ 100 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾರ್ಖಾನೆ ಯಾವ ಕರೆಂಟಿನಲ್ಲಿ ನಡೆಯುತ್ತದೆ ಎಂಬುದರ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ. ನಡುವಿನ 80 ಎಂದು ಹಿಡಿಯಿರಿ. 40 ಯೂನಿಟ್ ಬ್ಯಾಟರಿಯ ಕಾರು ಶೋರೂಮಿನಿಂದ ಹೊರಬರುವಾಗಲೇ 3.2 ಟನ್ ಸಾಲ ಹೊತ್ತುಕೊಂಡಿರುತ್ತದೆ, 80 ಯೂನಿಟ್ಟಿನದು 6.4 ಟನ್. ಮೇಲಿನ ಸರಾಸರಿ ಕರೆಂಟಿನಲ್ಲಿ ಪೆಟ್ರೋಲ್ ಕಾರಿಗಿಂತ ಕಿ.ಮೀ.ಗೆ ನೂರು ಗ್ರಾಂ ಚಿಲ್ಲರೆ ಉಳಿಯುತ್ತದೆ. ಹಾಗಾಗಿ ಚಿಕ್ಕ ಬ್ಯಾಟರಿಯ ಸಾಲ ಸುಮಾರು 31,000 ಕಿ.ಮೀ.ಗೆ ತೀರುತ್ತದೆ, ದೊಡ್ಡದರದ್ದು 60,000 ದಾಟಬೇಕು. ದಿನಕ್ಕೆ 40 ಕಿ.ಮೀ. ಓಡಿಸುವ ನಿಮಗೆ ಮೊದಲನೆಯದು ಎರಡು ವರ್ಷದ ಮಾತು, ಎರಡನೆಯದು ನಾಲ್ಕು ವರ್ಷಕ್ಕೂ ಮೀರಿದ್ದು. ದೊಡ್ಡ ಬ್ಯಾಟರಿಯ ಕಾರು ಭಾರವೂ ಜಾಸ್ತಿಯಾದ್ದರಿಂದ ಕರೆಂಟ್ ಹೆಚ್ಚು ಎಳೆಯುತ್ತದೆ, ತೀರುವುದು ಇನ್ನೂ ತಡವಾಗುತ್ತದೆ.

ಇದು ಹೊಸ ಪೆಟ್ರೋಲ್ ಕಾರಿನ ಜೊತೆ ಹೋಲಿಸಿದ ಲೆಕ್ಕ. ನಿಮ್ಮ ಹತ್ತಿರ ಓಡುವ ಕಾರು ಆಗಲೇ ಇದೆ. ಹೊಸದನ್ನು ಕೊಂಡರೆ ಬ್ಯಾಟರಿಯ ಜೊತೆಗೆ ಉಕ್ಕು, ಅಲ್ಯೂಮಿನಿಯಂ, ಗಾಜು, ಪ್ಲಾಸ್ಟಿಕ್ ಎಲ್ಲದರ ಹೊರೆಯೂ ಸೇರುತ್ತದೆ. ವಾರಕ್ಕೊಮ್ಮೆ ಕಾರು ತೆಗೆಯುವವರು ಪರಿಸರದ ಹೆಸರಿನಲ್ಲಿ ಒಳ್ಳೆಯ ಪೆಟ್ರೋಲ್ ಕಾರು ಮಾರಿ ಹೊಸ ಎಲೆಕ್ಟ್ರಿಕ್ ಕಾರು ಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದೇ ನನ್ನ ಅಭಿಪ್ರಾಯ. ದಿನವೂ 40 ಕಿ.ಮೀ. ಓಡಿಸುವವರ ವಿಷಯ ಬೇರೆ.

ಗಣಿಗಾರಿಕೆಯ ವಿಚಾರವನ್ನು ತಳ್ಳಿಹಾಕುವ ಹಾಗಿಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ. ಅಲ್ಲಿ ಕೈಯಲ್ಲೇ ಅಗೆಯುವ ಗುಂಡಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ. ನಿಕ್ಕಲ್ ಅತಿ ಹೆಚ್ಚು ತೆಗೆಯುವ ಇಂಡೊನೇಷ್ಯಾದಲ್ಲಿ ಕಾಡು ಕಡಿಯುತ್ತಾರೆ, ಅದಿರು ಕರಗಿಸಲು ಕಲ್ಲಿದ್ದಲು ಉರಿಸುತ್ತಾರೆ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಬಿಸಿಲಿಗೆ ಆವಿ ಮಾಡಿ ಲಿಥಿಯಂ ತೆಗೆಯುತ್ತಾರೆ. ಮೊದಲೇ ನೀರಿಲ್ಲದ ಜಾಗ ಅದು. ಈ ಸಂಕಟವನ್ನು ಬೇರೆಯವರ ಊರಿಗೆ ಸಾಗಿಸಿ ನಾವು ಹಸಿರು ಎಂದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲೂ ಕೊಳ್ಳುವವರಿಗೆ ಒಂದು ಆಯ್ಕೆಯಿದೆ. ಬ್ಯಾಟರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎನ್‌ಎಂಸಿ ಎನ್ನುವುದರಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುತ್ತದೆ. ಎಲ್‌ಎಫ್‌ಪಿ ಎನ್ನುವುದರಲ್ಲಿ ಕಬ್ಬಿಣ ಮತ್ತು ಫಾಸ್ಫೇಟ್, ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಅದೇ ತೂಕಕ್ಕೆ ಎಲ್‌ಎಫ್‌ಪಿ ಸ್ವಲ್ಪ ಕಡಿಮೆ ಶಕ್ತಿ ಹಿಡಿಯುತ್ತದೆ, ಚಳಿಯಲ್ಲಿ ಮಂಕಾಗುತ್ತದೆ. ಆದರೆ ಹೆಚ್ಚು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ, ಬೆಂಕಿಯ ಅಪಾಯವೂ ಕಡಿಮೆ. ನಿಮ್ಮ ಓಡಾಟಕ್ಕೆ ಇದು ಧಾರಾಳ ಸಾಕು. ಮತ್ತೊಂದು ಮಾತು: ಪೆಟ್ರೋಲ್ ಉರಿದರೆ ಮುಗಿಯಿತು, ಬ್ಯಾಟರಿಯೊಳಗಿನ ಲೋಹ ಹಾಗೇ ಉಳಿದಿರುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ಕಾಯಿದೆಯ ಪ್ರಕಾರ ಹಳೆಯ ಬ್ಯಾಟರಿಯಲ್ಲಿರುವ ಲಿಥಿಯಂನ ಅರ್ಧದಷ್ಟನ್ನು 2027ರ ಕೊನೆಯ ಹೊತ್ತಿಗೆ, ನೂರಕ್ಕೆ 80 ಪಾಲನ್ನು 2031ರ ಕೊನೆಯ ಹೊತ್ತಿಗೆ ಮರಳಿ ತೆಗೆಯಲೇಬೇಕು. ಇಂಥ ಕಾಯಿದೆ ಎಲ್ಲ ಕಡೆ ಬಂದರಷ್ಟೇ ಮರುಬಳಕೆ ಎನ್ನುವ ಮಾತಿಗೆ ಬೆಲೆ.

ಇನ್ನು ದಿನನಿತ್ಯದ ಮಾತು. ಯಾರೇ ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು ಒಂದನ್ನೇ: ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಅಲ್ಲಿ ನಿಮ್ಮದೇ ಒಂದು ಪ್ಲಗ್ ಪಾಯಿಂಟ್ ಇದ್ದರೆ, ಅದಕ್ಕೆ ಸರಿಯಾದ ಅರ್ಥಿಂಗ್ ಇದ್ದರೆ, ಮುಕ್ಕಾಲು ತೊಂದರೆ ಅಲ್ಲೇ ಮುಗಿಯಿತು. ನಿಮ್ಮ 40 ಕಿ.ಮೀ.ಗೆ ಬೇಕಾದದ್ದು ಏಳೆಂಟು ಯೂನಿಟ್. 3.3 ಕಿಲೋವ್ಯಾಟಿನ ಸಾಮಾನ್ಯ ಚಾರ್ಜರಿನಲ್ಲಿ ಎರಡೂವರೆ ಗಂಟೆ. ಮಲಗುವ ಮುಂಚೆ ಚುಚ್ಚಿ ಬಂದರೆ ಬೆಳಿಗ್ಗೆ ಸಿದ್ಧ. ಆದರೆ ರಸ್ತೆ ಬದಿಯಲ್ಲಿ ನಿಲ್ಲಿಸುವವರಿಗೆ, ಅಪಾರ್ಟ್‌ಮೆಂಟಿನಲ್ಲಿ ಪಾಯಿಂಟ್ ಹಾಕಿಸಲು ಒಪ್ಪಿಗೆ ಸಿಗದವರಿಗೆ ಎಲ್ಲಕ್ಕೂ ಸಾರ್ವಜನಿಕ ಚಾರ್ಜರೇ ಗತಿ. ಅಂಥವರಿಗೆ ನಾನು ಈಗಲೇ ಕೊಳ್ಳಿ ಎಂದು ಹೇಳುವುದಿಲ್ಲ. ಚಾರ್ಜರ್ ಕೆಟ್ಟು ನಿಂತಿರುತ್ತದೆ, ಆ್ಯಪ್ ಹಣ ತಗೊಂಡೂ ಶುರುವಾಗುವುದಿಲ್ಲ, ಮುಂದೆ ಇಬ್ಬರು ಕಾಯುತ್ತಿರುತ್ತಾರೆ. ಪ್ರವಾಸದಲ್ಲಿ ಒಂದು ಸಲ ಆದರೆ ಸಹಿಸಬಹುದು, ವಾರವಾರವೂ ಆಗದು.

ದೂರದ ಪ್ರಯಾಣದಲ್ಲಿ ಫಾಸ್ಟ್ ಚಾರ್ಜರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿದ್ದರೆ ಸಿಟ್ಟು ಬರುವುದಿಲ್ಲ. ಚಾರ್ಜ್ ಆಗುವಾಗ ನಾನು ಪರದೆ ನೋಡುತ್ತಾ ಕೂರುತ್ತೇನೆ. ಬ್ಯಾಟರಿ ಶೇ. 20 ಇರುವಾಗ 90 ಕಿಲೋವ್ಯಾಟ್ ತೋರಿಸುತ್ತಿದ್ದದ್ದು ಶೇ. 60 ದಾಟುತ್ತಲೇ 50ರ ಹತ್ತಿರಕ್ಕೆ ಇಳಿಯುತ್ತದೆ. ಶೇ. 80 ಆದಮೇಲೆ 25, ಶೇ. 95ರ ಮೇಲೆ ಒಂದಂಕಿ. ಕೊನೆಯ ಇಪ್ಪತ್ತು ತುಂಬಲು ಮೊದಲ ಅರವತ್ತು ಎಪ್ಪತ್ತು ತುಂಬಿದಷ್ಟೇ ಹೊತ್ತು ಹಿಡಿಯುತ್ತದೆ. ಇದು ಚಾರ್ಜರಿನ ದೋಷವಲ್ಲ. ಸೆಲ್, ಅಂದರೆ ಬ್ಯಾಟರಿಯೊಳಗಿನ ಒಂದೊಂದು ಘಟಕ, ತುಂಬುತ್ತಾ ಬಂದಂತೆ ಲಿಥಿಯಂ ಅಯಾನುಗಳಿಗೆ (ವಿದ್ಯುದಾವೇಶ ಹೊತ್ತ ಕಣಗಳಿಗೆ) ಅದರ ಗ್ರಾಫೈಟ್ ಪದರದೊಳಗೆ ಸೇರಿಕೊಳ್ಳುವುದು ಕಷ್ಟವಾಗುತ್ತದೆ. ಬಲವಂತವಾಗಿ ನೂಕಿದರೆ ಅವು ಮೇಲ್ಮೈಯಲ್ಲೇ ಲೋಹವಾಗಿ ಕೂತು ಸೆಲ್ಲನ್ನು ಹಾಳುಮಾಡುತ್ತವೆ. ಆದ್ದರಿಂದ ಕಾರೇ ಕರೆಂಟ್ ತಗ್ಗಿಸುತ್ತದೆ. ಶೇ. 80ಕ್ಕೆ ಕಿತ್ತು ಹೊರಡುವುದೇ ಜಾಣತನ, ಹಿಂದೆ ಕಾಯುತ್ತಿರುವವರಿಗೂ ಉಪಕಾರ.

ಕಂಪನಿ ಹೇಳುವ ರೇಂಜನ್ನು, ಅಂದರೆ ಒಂದು ಪೂರ್ತಿ ಚಾರ್ಜಿಗೆ ಓಡುವ ದೂರವನ್ನು, ಹೆದ್ದಾರಿಯಲ್ಲಿ ನಂಬಿ ಕೂರಬೇಡಿ. 400 ಕಿ.ಮೀ. ಎಂದು ಬರೆದಿರುವ ಕಾರು 110ರ ವೇಗದಲ್ಲಿ 300ಕ್ಕೆ ಬರಬಹುದು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಅದರಲ್ಲೂ ಶೇ. 10ರಿಂದ 80ರವರೆಗೆ ಮಾತ್ರ ಬಳಸುವುದರಿಂದ ಎರಡು ನಿಲುಗಡೆಗಳ ನಡುವೆ ಕೈಗೆ ಸಿಗುವುದು 200 ಕಿ.ಮೀ. ಚಿಲ್ಲರೆ. ಕೊರೆಯುವ ಚಳಿಯಿದ್ದರೆ ಇನ್ನೂ ನೂರಕ್ಕೆ ಇಪ್ಪತ್ತು ಮೂವತ್ತು ಪಾಲು ಕಳೆಯಿರಿ. ಇದನ್ನು ಕೇಳಿದ ಕೂಡಲೇ ಎಲ್ಲರೂ "ಹಾಗಾದರೆ ದೊಡ್ಡ ಬ್ಯಾಟರಿಯೇ ಇರಲಿ" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಕ್ಕೆ ಎರಡು ಮೂರು ಸಲ ಹೋಗುವ ದೂರಕ್ಕಾಗಿ ಉಳಿದ ದಿನವೆಲ್ಲ ಇನ್ನೂರು ಮುನ್ನೂರು ಕೆ.ಜಿ. ಹೆಚ್ಚುವರಿ ಹೊತ್ತು ತಿರುಗುವುದು ದುಡ್ಡಿಗೂ ನಷ್ಟ, ಭೂಮಿಗೂ ನಷ್ಟ. ಆ ಎರಡು ಮೂರು ಸಲ ರೈಲು ಹಿಡಿಯಿರಿ, ಬಾಡಿಗೆ ಕಾರು ತೆಗೆದುಕೊಳ್ಳಿ, ಇಲ್ಲವೇ ದಾರಿಯಲ್ಲಿ ಎರಡು ಕಡೆ ನಿಂತು ಹೋಗಿ.

ಸೆಕೆ ಬ್ಯಾಟರಿಯ ದೊಡ್ಡ ಶತ್ರು. 2010ರಲ್ಲಿ ಬಂದ ನಿಸಾನ್ ಲೀಫ್ ಕಾರಿನ ಬ್ಯಾಟರಿಯನ್ನು ತಂಪಾಗಿಡಲು ದ್ರವದ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಸುಡುಬಿಸಿಲಿನ ಕಡೆ ಅವು ಬೇಗ ಶಕ್ತಿ ಕಳೆದುಕೊಂಡವು. ಈಗಿನ ಬಹುತೇಕ ಕಾರುಗಳಲ್ಲಿ ಆ ವ್ಯವಸ್ಥೆ ಇದೆ. ಎಂಟು ವರ್ಷ ಅಥವಾ 1,60,000 ಕಿ.ಮೀ.ವರೆಗೆ ಶೇ. 70ರಷ್ಟು ಸಾಮರ್ಥ್ಯ ಉಳಿಯುತ್ತದೆ ಎಂಬ ವಾರಂಟಿ ಸಾಮಾನ್ಯ. ಬಿಸಿಲಿಗೆ ಪೂರ್ತಿ ಚಾರ್ಜ್ ಮಾಡಿ ದಿನಗಟ್ಟಲೆ ನಿಲ್ಲಿಸುವುದನ್ನು ತಪ್ಪಿಸಿದರೆ ಬ್ಯಾಟರಿ ನಾವು ಹೆದರುವುದಕ್ಕಿಂತ ಹೆಚ್ಚು ಬಾಳುತ್ತದೆ.

ಓಡಿಸುವ ಸುಖದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಸಲ ಓಡಿಸಿದರೆ ಗೊತ್ತಾಗುತ್ತದೆ. ಸದ್ದಿಲ್ಲ, ಗೇರ್ ಬದಲಿಸಬೇಕಿಲ್ಲ, ಕ್ಲಚ್ ಇಲ್ಲ, ಎಂಜಿನ್ ಆಯಿಲ್ ಬದಲಿಸುವ ಕೆಲಸವಿಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಹೊಗೆ ಉಗುಳುವುದಿಲ್ಲ. ಆ ರಸ್ತೆಯಲ್ಲಿ ನಡೆದು ಶಾಲೆಗೆ ಹೋಗುವ ಮಕ್ಕಳ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಲಾಭ ಎಂದು ನನಗನ್ನಿಸುತ್ತದೆ. ಕಾಲು ತೆಗೆದರೆ ಮೋಟಾರೇ ಕಾರನ್ನು ನಿಧಾನ ಮಾಡಿ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ, ಹಾಗಾಗಿ ಬ್ರೇಕ್ ಪ್ಯಾಡ್ ಸವೆಯುವುದೇ ಕಡಿಮೆ. ಎಷ್ಟು ಕಡಿಮೆಯೆಂದರೆ ಮಳೆಗಾಲದಲ್ಲಿ ಡಿಸ್ಕಿನ ಮೇಲೆ ತುಕ್ಕು ಕಾಣಿಸಿಕೊಳ್ಳುತ್ತದೆ. ಆಗೀಗ ಖಾಲಿ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿ ಅದನ್ನು ಉಜ್ಜಿ ತೆಗೆಯಬೇಕು. ಟೈರು ಮಾತ್ರ ಉಲ್ಟಾ: ಕಾರು ಭಾರ, ಎಳೆತವೂ ಜೋರು, ಬೇಗ ಸವೆಯುತ್ತದೆ. ಆ ಸವೆತದ ಪುಡಿ ಗಾಳಿಗೂ ಚರಂಡಿಗೂ ಸೇರುತ್ತದೆ. ಎಲೆಕ್ಟ್ರಿಕ್ ಅಂದಮಾತ್ರಕ್ಕೆ ಮಾಲಿನ್ಯ ಸೊನ್ನೆಯಲ್ಲ.

ಬೆಂಕಿಯ ಬಗ್ಗೆ ವಿಡಿಯೋಗಳು ಬಹಳ ಓಡಾಡುತ್ತವೆ. ಎಲೆಕ್ಟ್ರಿಕ್ ಕಾರುಗಳು ಪೆಟ್ರೋಲ್ ಕಾರಿಗಿಂತ ಹೆಚ್ಚು ಸಲ ಹೊತ್ತಿಕೊಳ್ಳುತ್ತವೆ ಎನ್ನಲು ಆಧಾರವಿಲ್ಲ. ಹೊತ್ತಿಕೊಂಡರೆ ಮಾತ್ರ ಆರಿಸುವುದು ಕಷ್ಟ, ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ನನಗೆ ಅದಕ್ಕಿಂತ ಚಿಂತೆಯ ವಿಷಯ ರಿಪೇರಿ. ಬ್ಯಾಟರಿ ಇರುವುದು ಕಾರಿನ ಹೊಟ್ಟೆಯಡಿ. ಎತ್ತರದ ಹಂಪ್ ಅಥವಾ ಕಲ್ಲು ಜೋರಾಗಿ ತಗುಲಿ ಕವಚ ತಗ್ಗಾದರೆ, ಒಳಗೆ ಒಂದೆರಡು ಮಾಡ್ಯೂಲ್ (ಸೆಲ್ಲುಗಳ ಕಟ್ಟು) ಮಾತ್ರ ಕೆಟ್ಟಿದ್ದರೂ ಇಡೀ ಬ್ಯಾಟರಿ ಬದಲಿಸಿ ಎನ್ನುವ ಕಡೆಗಳಿವೆ. ಸುಸ್ಥಿತಿಯಲ್ಲಿರುವ ಕಾರು ಹೀಗೆ ಗುಜರಿಗೆ ಹೋದರೆ ಮೇಲೆ ಮಾಡಿದ ಲೆಕ್ಕವೆಲ್ಲ ನೀರುಪಾಲು. ಹತ್ತಿರದ ಗ್ಯಾರೇಜಿನವರು ಇದನ್ನು ಮುಟ್ಟುವುದೂ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಮನೆಯಲ್ಲಿ ಪಾಯಿಂಟ್ ಇದೆ ಎಂದಾದರೆ, 30ರಿಂದ 45 ಯೂನಿಟ್ ಒಳಗಿನ ಎಲ್‌ಎಫ್‌ಪಿ ಬ್ಯಾಟರಿಯ ಕಾರು ನೋಡುತ್ತಿದ್ದೆ. ಪಾಯಿಂಟ್ ಇಲ್ಲದಿದ್ದರೆ ಈಗಿನ ಕಾರನ್ನೇ ಚೆನ್ನಾಗಿ ಸರ್ವಿಸ್ ಮಾಡಿಸಿಕೊಂಡು ಇನ್ನೆರಡು ವರ್ಷ ಓಡಿಸುತ್ತಿದ್ದೆ. ಮೂರು ನಾಲ್ಕು ವರ್ಷ ಹಳೆಯ ಎಲೆಕ್ಟ್ರಿಕ್ ಕಾರು ಸಿಕ್ಕರೂ ಒಳ್ಳೆಯದೇ, ಬ್ಯಾಟರಿಯ ಸಾಲ ಆಗಲೇ ಬಹುಪಾಲು ತೀರಿರುತ್ತದೆ. ಆದರೆ ಮೀಟರಿನಲ್ಲಿರುವ ಕಿ.ಮೀ. ನೋಡಿ ಕೊಳ್ಳಬೇಡಿ, ಸರ್ವಿಸ್ ಸೆಂಟರಿನಿಂದ ಬ್ಯಾಟರಿ ಆರೋಗ್ಯದ ವರದಿ ತೆಗೆಸಿ. ಹೊಸದಾದರೆ ಮಾರುವವರ ಹತ್ತಿರ ಎರಡು ಪ್ರಶ್ನೆ ಕೇಳಿ: ಬ್ಯಾಟರಿ ಯಾವ ಬಗೆಯದು, ಒಂದು ಮಾಡ್ಯೂಲ್ ಕೆಟ್ಟರೆ ಅದನ್ನಷ್ಟೇ ಬದಲಿಸಿಕೊಡುತ್ತೀರಾ? ಎರಡನೆಯದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಬೇರೆ ಕಂಪನಿಯ ಕಾರು ನೋಡಿ.