‘ಹೇಗೋ ಮಾಡಿಕೊಳ್ಳುತ್ತೇನೆ’ ಎಂದಿದ್ದಕ್ಕೆ ಎರಡೇ ಅಂಕ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರಗಳು. ನಾನು ಹಾಸನದ ಕಡೆಯವಳು. ಮದುವೆಯಾಗಿ ಇಂಗ್ಲೆಂಡಿಗೆ ಬಂದು ಈಗ ಇಲ್ಲಿಯ ಪ್ರಜೆಯೇ ಆಗಿದ್ದೇನೆ. ಲೆಸ್ಟರ್‌ನ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ರುಮಟಾಯ್ಡ್ ಸಂಧಿವಾತದಿಂದ ಕೈಬೆರಳು, ಮಂಡಿ ಎರಡೂ ಹಿಡಿದುಕೊಂಡು ಕೆಲಸ ಬಿಡಬೇಕಾಯಿತು. ಆಗಿನಿಂದ ಪಿಪ್ ಹಣ ಬರುತ್ತಿತ್ತು. ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಇಲ್ಲಿಯ ಸರ್ಕಾರ ಕೊಡುವ ನೆರವು ಅದು, ದಿನನಿತ್ಯದ ಕೆಲಸಗಳಿಗೆ ಒಂದು ಭಾಗ, ಓಡಾಟಕ್ಕೆ ಒಂದು ಭಾಗ. ಈ ಸಲ ರಿವ್ಯೂ ಮಾಡಿ ದಿನನಿತ್ಯದ ಭಾಗವನ್ನು ಹೆಚ್ಚಿನ ದರದಿಂದ ಸಾಮಾನ್ಯ ದರಕ್ಕೆ ಇಳಿಸಿದ್ದಾರೆ. ಓಡಾಟದ ಭಾಗವನ್ನು ಪೂರ್ತಿ ನಿಲ್ಲಿಸಿದ್ದಾರೆ. ಕಾಯಿಲೆ ಎಳ್ಳಷ್ಟೂ ಕಡಿಮೆಯಾಗಿಲ್ಲ. ಫೋನಿನಲ್ಲಿ ಕೇಳಿದಾಗ ಅಡುಗೆ ಹೇಗೋ ಮಾಡಿಕೊಳ್ಳುತ್ತೇನೆ ಎಂದಿದ್ದೆ. ನಿಜವಾಗಿ ಮಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ತರಕಾರಿ ಹೆಚ್ಚಿ ಡಬ್ಬದಲ್ಲಿಟ್ಟು ಹೋಗುತ್ತಾಳೆ. ನಾನು ಅದನ್ನು ಒಲೆಯ ಮೇಲಿಡುತ್ತೇನೆ, ಅಷ್ಟೇ. ಪ್ರಶ್ನೆ ಮಾಡಿದರೆ ಉಳಿದದ್ದೂ ಹೋಗುತ್ತದೆ ಎಂದು ಪರಿಚಯದವರು ಹೆದರಿಸುತ್ತಿದ್ದಾರೆ. ಬೇರೆ ದೇಶಕ್ಕೆ ಬಂದು ಕೈಯೊಡ್ಡಿದ್ದೇ ಹೆಚ್ಚು, ಇನ್ನು ಜಗಳ ಬೇರೆಯೇ ಎಂದು ಮಗ ಕೇಳುತ್ತಾನೆ. ನಾನೇನು ಮಾಡಲಿ? ನಿರ್ಧಾರದ ಪತ್ರ ಬಂದು ಮೂರು ವಾರವಾಗುತ್ತಾ ಬಂತು.

ಸಂಪಾದಕರ ಉತ್ತರ

ಸೋದರಿ, ಪತ್ರಿಕೆ ಅಚ್ಚಾಗುವವರೆಗೆ ಕಾಯುವಂಥ ವಿಷಯವಲ್ಲವೆಂದು ಈ ಉತ್ತರವನ್ನು ನಿಮಗೆ ಮೊದಲೇ ಕಳಿಸಿದ್ದೇನೆ. ಇಂಥದೇ ಪತ್ರ ಹಿಡಿದು ಕುಳಿತಿರುವ ಬೇರೆ ಓದುಗರೂ ಇರಬಹುದೆಂದು ಇಲ್ಲಿಯೂ ಅಚ್ಚು ಹಾಕುತ್ತಿದ್ದೇನೆ. ನಿಮ್ಮ ಪತ್ರವನ್ನು ಮಾತ್ರ ಇಲ್ಲಿ ಚಿಕ್ಕದು ಮಾಡಿದ್ದೇನೆ.

ಮೊದಲು ತಾರೀಖಿನ ಮಾತು. ನಿರ್ಧಾರದ ಪತ್ರದ ಮೇಲೆ ಅಚ್ಚಾಗಿರುವ ದಿನದಿಂದ ಒಂದು ತಿಂಗಳೊಳಗೆ ‘ಮ್ಯಾಂಡೇಟರಿ ರೀಕನ್ಸಿಡರೇಷನ್’ ಕೇಳಬೇಕು. ಹಣ ಕೊಡುವ ಸರ್ಕಾರಿ ಇಲಾಖೆ ತನ್ನ ನಿರ್ಧಾರವನ್ನು ತಾನೇ ಮತ್ತೊಮ್ಮೆ ನೋಡುವ ಕಡ್ಡಾಯದ ಹಂತ ಅದು. ಅದನ್ನು ದಾಟದೆ ನ್ಯಾಯಮಂಡಳಿಗೆ ಹೋಗಲಾಗದು. ಲೆಕ್ಕ ಹಿಡಿಯುವುದು ಪತ್ರ ನಿಮ್ಮ ಕೈಸೇರಿದ ದಿನದಿಂದಲ್ಲ ಎಂಬುದು ನೆನಪಿರಲಿ. ಪತ್ರದಲ್ಲಿರುವ ದೂರವಾಣಿ ಸಂಖ್ಯೆಗೆ ಇಂದೇ ಕರೆ ಮಾಡಿ, ‘ಮರುಪರಿಶೀಲನೆ ಬೇಕು, ಕಾರಣಗಳನ್ನು ಬರೆದು ಕಳಿಸುತ್ತೇನೆ’ ಎಂದು ಹೇಳಿ. ಯಾರೊಂದಿಗೆ ಯಾವಾಗ ಮಾತನಾಡಿದಿರಿ ಎಂಬುದನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಬರಹದಲ್ಲಿಯೂ ಕಳಿಸಿ, ಅಂಚೆಯ ರಸೀದಿ ಇಟ್ಟುಕೊಳ್ಳಿ. ತಿಂಗಳು ಮೀರಿದವರು ತಕ್ಕ ಕಾರಣ ಕೊಟ್ಟು ಹದಿಮೂರು ತಿಂಗಳವರೆಗೂ ಕೇಳಬಹುದು. ಆದರೆ ಆ ಕಾರಣವನ್ನು ಒಪ್ಪುವುದು ಬಿಡುವುದು ಅವರ ಕೈಯಲ್ಲಿರುತ್ತದೆ.

ಅದೇ ಕರೆಯಲ್ಲಿ ಇನ್ನೊಂದನ್ನು ಕೇಳಿ. ನಿಮ್ಮೊಂದಿಗೆ ಫೋನಿನಲ್ಲಿ ಮಾತನಾಡಿದ ಆರೋಗ್ಯ ಸಿಬ್ಬಂದಿ ಬರೆದ ವರದಿಯ ಪ್ರತಿ. ನಿರ್ಧಾರದ ಪತ್ರದಲ್ಲಿರುವುದು ಅದರ ನಾಲ್ಕಾರು ಸಾಲು ಮಾತ್ರ. ನೀವು ಉತ್ತರಿಸಬೇಕಾದದ್ದು ಪೂರ್ತಿ ವರದಿಗೆ. ‘ಕೈಗಳ ಹಿಡಿತ ಸಾಕಷ್ಟಿದೆ’ ಎಂಬ ಸಾಲು ಪತ್ರದಲ್ಲಿದೆ ಎಂದು ಬರೆದಿದ್ದೀರಿ. ಫೋನಿನಲ್ಲಿ ಮಾತನಾಡಿದವರಿಗೆ ನಿಮ್ಮ ಕೈ ಕಾಣುವುದಾದರೂ ಹೇಗೆ? ಅದನ್ನು ಯಾವ ಆಧಾರದ ಮೇಲೆ ಬರೆದರು ಎಂದು ಕೇಳುವ ಪೂರ್ಣ ಹಕ್ಕು ನಿಮಗಿದೆ. ಕೇಳಲೇಬೇಕು.

ಇನ್ನು ಅಂಕಗಳು. ನೀವು ಕಳಿಸಿದ ಹಳೆಯ ಮತ್ತು ಹೊಸ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. 2013ರ ಏಪ್ರಿಲ್‌ನಲ್ಲಿ ಶುರುವಾದ ಈ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್‌ನಲ್ಲಿ ದಿನನಿತ್ಯದ ಹತ್ತು ಚಟುವಟಿಕೆ, ಓಡಾಟದ ಎರಡು ಚಟುವಟಿಕೆಗಳಿವೆ. ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಪ್ರತಿ ಭಾಗದಲ್ಲಿಯೂ 8 ಅಂಕವಾದರೆ ಸಾಮಾನ್ಯ ದರ, 12 ಆದರೆ ಹೆಚ್ಚಿನ ದರ. ಹಿಂದೆ ನಿಮಗೆ ಅಡುಗೆಗೆ 4, ಸ್ನಾನಕ್ಕೆ 3, ಬಟ್ಟೆ ತೊಡುವುದಕ್ಕೆ 2, ಶೌಚಕ್ಕೆ 2, ಔಷಧಕ್ಕೆ 1, ಒಟ್ಟು 12 ಕೊಟ್ಟಿದ್ದರು. ಈಗ ಅಡುಗೆ, ಸ್ನಾನ, ಬಟ್ಟೆ, ಶೌಚ ನಾಲ್ಕಕ್ಕೂ ಎರಡೆರಡು, ಔಷಧಕ್ಕೆ ಸೊನ್ನೆ. ಒಟ್ಟು 8. ನಡಿಗೆಯಲ್ಲಿ 8 ಇದ್ದದ್ದು 4 ಆಗಿದೆ. 2025–26ರ ದರದಲ್ಲಿ ದಿನನಿತ್ಯದ ಭಾಗ ವಾರಕ್ಕೆ 110.40 ಪೌಂಡ್‌ನಿಂದ 73.90ಕ್ಕೆ ಇಳಿಯಿತು, ಓಡಾಟದ 29.20 ನಿಂತೇಹೋಯಿತು. ವಾರಕ್ಕೆ 65.70 ಪೌಂಡ್ ಖೋತಾ. ಸಂಸಾರದಲ್ಲಿ ಇದು ಸಣ್ಣ ಮೊತ್ತವೇನಲ್ಲ.

ಈ ಎರಡೆರಡು ಅಂಕಗಳು ಎಲ್ಲಿಂದ ಬಂದವು ನೋಡಿ. ನಾಲ್ಕು ಕಡೆಯೂ ‘ಸಾಧನದ ನೆರವಿನಿಂದ ಮಾಡಬಲ್ಲರು’ ಎಂದು ಬರೆದಿದ್ದಾರೆ. ಕೂತು ಅಡುಗೆ ಮಾಡುವ ಎತ್ತರದ ಸ್ಟೂಲು, ಬಚ್ಚಲಿನ ಹಿಡಿಕೆ, ಇಂಥವುಗಳ ಲೆಕ್ಕ ಅದು. ಮನುಷ್ಯರ ನೆರವನ್ನು ಲೆಕ್ಕಕ್ಕೇ ಹಿಡಿದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಇರುವುದೆಲ್ಲ ಮನುಷ್ಯರ ನೆರವೇ. ಈರುಳ್ಳಿ, ಕ್ಯಾರೆಟ್ ಹೆಚ್ಚುವವಳು ಮಗಳು. ಕುದಿಯುವ ಪಾತ್ರೆ ಇಳಿಸುವವರು ಯಜಮಾನರು. ಬೇರೊಬ್ಬರು ಕೈಹಾಕಿ ಮಾಡಿಕೊಡುವುದನ್ನು ನಿಯಮ ‘ಅಸಿಸ್ಟೆನ್ಸ್’ ಎನ್ನುತ್ತದೆ, ಅಡುಗೆಯಲ್ಲಿ ಅದಕ್ಕೆ 4 ಅಂಕ. ಟಬ್ಬಿಗೆ ಇಳಿಯಲು, ಹತ್ತಲು ಒಬ್ಬರು ಹಿಡಿದುಕೊಳ್ಳಬೇಕಾದರೆ 3. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದಿನ ಪೆನ್ನನ್ನು ನೀವೇ ಒತ್ತಲಾರದೆ ಯಜಮಾನರು ಒತ್ತುತ್ತಾರೆ, ಗುಳಿಗೆಗಳನ್ನೂ ಪಟ್ಟಿಯಿಂದ ಬಿಡಿಸಿಕೊಡುತ್ತಾರೆ ಎಂದಿದ್ದೀರಿ. ಅದಕ್ಕೆ 1. ಕಳೆದುಹೋದ ನಾಲ್ಕು ಅಂಕ ಇಲ್ಲೇ ಇವೆ. ಹೊಸದಾಗಿ ಏನನ್ನೂ ಕಟ್ಟಿ ಹೇಳಬೇಕಾಗಿಲ್ಲ, ದೊಡ್ಡದು ಮಾಡಿಯೂ ಹೇಳಬೇಕಾಗಿಲ್ಲ.

‘ಹೇಗೋ ಮಾಡಿಕೊಳ್ಳುತ್ತೇನೆ’ ಎಂದಿರಲ್ಲ, ಆ ಮಾತು ನಮ್ಮ ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೆ! ಜ್ವರದಲ್ಲಿ ಮಲಗಿದ್ದರೂ ಬಂದವರಿಗೆ ‘ಚೆನ್ನಾಗಿದ್ದೇನೆ, ಕಾಫಿ ತರಲೇ’ ಎನ್ನುವ ಮನೆಗಳಲ್ಲಿ ಬೆಳೆದವರು ನಾವು. ಬೆರಳು ಮಡಚಲಾಗದ ಸಂಕಟವನ್ನು ಗುರುತು ಪರಿಚಯವಿಲ್ಲದ ದನಿಗೆ ಬಿಡಿಸಿ ಹೇಳುವುದು ನಮಗೆ ಮಾನ ಹೋದಷ್ಟು ಕಷ್ಟ. ಅದು ನಿಮ್ಮ ತಪ್ಪಲ್ಲ. ಆದರೆ ಆ ಫೋನಿನಲ್ಲಿ ಸಂಕೋಚಕ್ಕೆ ಬೆಲೆಯಿಲ್ಲ. ಆಡಿದಷ್ಟೇ ದಾಖಲೆಯಾಗುತ್ತದೆ. ಅಡುಗೆ ಮಾಡುತ್ತೀರಾ ಎಂದರೆ ಹೌದು ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ.

ಮಾಡುತ್ತೀರಾ ಇಲ್ಲವಾ ಎಂಬುದು ಕಾನೂನಿನ ನಿಜವಾದ ಪ್ರಶ್ನೆಯೇ ಅಲ್ಲ, ಹೇಗೆ ಮಾಡುತ್ತೀರಿ ಎಂಬುದು. ಒಂದು ಕೆಲಸವನ್ನು ಮಾಡಬಲ್ಲಿರಿ ಎನ್ನಬೇಕಾದರೆ ಅದನ್ನು ಸುರಕ್ಷಿತವಾಗಿ, ಒಪ್ಪುವಂಥ ಮಟ್ಟದಲ್ಲಿ, ಬೇಕಾದಷ್ಟು ಸಲ, ಸಮಂಜಸವಾದ ಸಮಯದಲ್ಲಿ ಮಾಡುವಂತಿರಬೇಕು ಎಂದು 2013ರ ನಿಯಮಗಳೇ ಹೇಳುತ್ತವೆ. ಆರೋಗ್ಯವಂತರಿಗೆ ಹಿಡಿಯುವ ಸಮಯದ ಎರಡರಷ್ಟು ದಾಟಿದರೆ ಅದು ಸಮಂಜಸ ಸಮಯವಲ್ಲ. ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ನಿಮ್ಮ ಸ್ಥಿತಿ ಹೇಗಿರುತ್ತದೆ ಎಂಬುದನ್ನು ನೋಡಬೇಕು, ಒಂದು ಒಳ್ಳೆಯ ದಿನವನ್ನಲ್ಲ. ಬಿಸಿ ಸಾರಿನ ಪಾತ್ರೆ ಕೈಜಾರಿ ಕಾಲು ಸುಟ್ಟುಕೊಂಡದ್ದನ್ನು ‘ಒಂದೇ ಸಲ ಆದದ್ದು’ ಎಂದು ಬಿಟ್ಟುಬಿಡಬೇಡಿ. 2017ರಲ್ಲಿ ಮೇಲಿನ ಹಂತದ ನ್ಯಾಯಮಂಡಳಿಯಾದ ಅಪ್ಪರ್ ಟ್ರಿಬ್ಯುನಲ್‌ನ ಮೂವರ ಪೀಠ ಸುರಕ್ಷಿತ ಎಂಬುದನ್ನು ಬಿಡಿಸಿ ಹೇಳಿದೆ. ಅಪಾಯ ಹೆಚ್ಚಿನ ದಿನಗಳಲ್ಲಿ ಸಂಭವಿಸಲೇಬೇಕೆಂದಿಲ್ಲ, ಸಂಭವಿಸಿದರೆ ಎಷ್ಟು ತೀವ್ರ ಎಂಬುದನ್ನೂ ತೂಗಿ ನೋಡಬೇಕು.

ಅಡುಗೆಯ ಬಗ್ಗೆ ಬರೆಯುವಾಗ ಒಂದು ಎಚ್ಚರಿಕೆ. ಮನೆಮಂದಿಗೆಲ್ಲ ಚಪಾತಿ ಲಟ್ಟಿಸಲಾರೆ ಎಂದು ಬರೆದರೆ ಅಂಕ ಬರುವುದಿಲ್ಲ. ತಾಜಾ ಸಾಮಗ್ರಿಗಳಿಂದ ಒಬ್ಬರಿಗೆ ಸಾಕಾಗುವ ಒಂದು ಬಗೆಯ ಊಟವನ್ನು ಒಲೆಯ ಮೇಲೆ ಬೇಯಿಸಬಲ್ಲಿರಾ ಎಂಬುದಷ್ಟೇ ಅವರ ಪ್ರಶ್ನೆ. ಬಗ್ಗಿ ಓವನ್ನಿನಿಂದ ತೆಗೆಯುವುದೂ ಲೆಕ್ಕಕ್ಕಿಲ್ಲ. ಹೀಗಾಗಿ ಒಂದು ಕ್ಯಾರೆಟ್ಟಿನ ಮೇಲೆ ಕೂತು ಬರೆಯಿರಿ. ಸಿಪ್ಪೆ ತೆಗೆಯಲು ಹಿಡಿದರೆ ಯಾವ ಬೆರಳು ಬಿಟ್ಟುಕೊಡುತ್ತದೆ, ಚಾಕು ಎಲ್ಲಿ ಜಾರುತ್ತದೆ, ಅರ್ಧ ಹೆಚ್ಚುವಷ್ಟರಲ್ಲಿ ಮಣಿಕಟ್ಟು ಏನಾಗುತ್ತದೆ, ಆಮೇಲೆ ಎಷ್ಟು ಹೊತ್ತು ಆ ಕೈ ಬೇರೇನಕ್ಕೂ ಬಾರದು, ಹೆಚ್ಚಲು ಬೇರೆ ಸಲಕರಣೆ ಕೊಂಡು ನೋಡಿದ್ದರೆ ಅದು ಏಕೆ ಉಪಯೋಗಕ್ಕೆ ಬರಲಿಲ್ಲ. ‘ತುಂಬಾ ನೋವು’ ಎಂದು ಹತ್ತು ಸಲ ಬರೆಯುವುದಕ್ಕಿಂತ ಇಂಥ ಒಂದು ಪ್ಯಾರಾ ಮೇಲು.

ನಡಿಗೆಗೂ ಇದೇ ಕ್ರಮ. 50ರಿಂದ 200 ಮೀಟರ್ ನಡೆಯುತ್ತಾರೆ ಎಂದು ತೀರ್ಮಾನಿಸಿ 4 ಕೊಟ್ಟಿದ್ದಾರೆ. ನೀವು ಬೀದಿ ಕೊನೆಯ ಅಂಗಡಿಗೆ ಹೋಗುತ್ತೇನೆ ಎಂದದ್ದೇ ಅದಕ್ಕೆ ಆಧಾರವಿರಬೇಕು. ಕಾಂಪೌಂಡು ಹಿಡಿದು ನಿಲ್ಲುತ್ತೀರಿ, ಮನೆಗೆ ಬಂದ ಮೇಲೆ ಆ ದಿನ ಮತ್ತೆ ಹೊರಗೆ ಕಾಲಿಡಲಾಗದು ಎಂಬುದು ವರದಿಯಲ್ಲಿ ಬಂದಿದೆಯೇ ನೋಡಿ. ಮೊದಲ ಸಲ ನಿಲ್ಲಲೇಬೇಕಾಗುವ ಜಾಗದವರೆಗಿನ ದೂರವನ್ನು ಮಗಳಿಂದ ಅಳೆಸಿ. ಅದು 50 ಮೀಟರಿನೊಳಗಿದ್ದು, ಹೆಚ್ಚಿನ ದಿನಗಳಲ್ಲಿ ಅಷ್ಟನ್ನೂ ಮತ್ತೆ ಮತ್ತೆ ನಡೆಯಲಾಗದಿದ್ದರೆ ಸ್ಪಷ್ಟವಾಗಿ ಬರೆಯಿರಿ. ಅಳತೆ ಹೆಚ್ಚು ಬಂದರೆ ಇದ್ದದ್ದನ್ನು ಇದ್ದಂತೆಯೇ ಬರೆಯಿರಿ. ನಂಬಿಕೆ ಒಂದು ಕಡೆ ಮುರಿದರೆ ಎಲ್ಲ ಕಡೆಯೂ ಮುರಿಯುತ್ತದೆ.

ಆಸ್ಪತ್ರೆಯ ಕಾಗದಗಳನ್ನೆಲ್ಲ ಜೋಡಿಸಿದ್ದೀರಿ, ಒಳ್ಳೆಯದು. ಆದರೆ ತಜ್ಞರ ಪತ್ರದಲ್ಲಿ ಸಾಮಾನ್ಯವಾಗಿ ಕಾಯಿಲೆಯ ಹೆಸರು, ರಕ್ತಪರೀಕ್ಷೆ, ಔಷಧದ ಪ್ರಮಾಣ ಇರುತ್ತದೆಯೇ ಹೊರತು ಗುಂಡಿ ಹಾಕಿಕೊಳ್ಳಲು ಯಾರು ಬೇಕು ಎಂಬುದು ಇರುವುದಿಲ್ಲ. ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ತಜ್ಞರಾದ ಆಕ್ಯುಪೇಷನಲ್ ಥೆರಪಿಸ್ಟ್ ಮನೆಗೆ ಬಂದು ನೋಡಿದ್ದರೆ ಅವರ ವರದಿ ತುಂಬ ಉಪಯೋಗಕ್ಕೆ ಬರುತ್ತದೆ. ಮಗಳು ಮತ್ತು ಯಜಮಾನರು ತಾವು ಏನೇನು ಮಾಡಿಕೊಡುತ್ತೇವೆ ಎಂದು ಬೇರೆ ಬೇರೆಯಾಗಿ, ತಮ್ಮ ಮಾತಿನಲ್ಲಿ ಬರೆದು ಸಹಿ ಹಾಕಲಿ. ಬೆಳಗಿನ ಬಿಗಿತ ಎಷ್ಟು ಹೊತ್ತಿಗೆ ಸಡಿಲವಾಯಿತು ಎಂಬುದರಿಂದ ಹಿಡಿದು ಕೆಲವು ದಿನದ ದಿನಚರಿ ಬರೆದಿಡಿ. ಕಾಯಿಲೆ ಕಡಿಮೆಯಾಗಿಲ್ಲದಿದ್ದರೂ ಅಂಕ ಏಕೆ ಕಡಿಮೆಯಾಯಿತು ಎಂದು ನೇರವಾಗಿ ಕೇಳಿ. ಹಳೆಯ ನಿರ್ಧಾರ ಹೊಸದನ್ನು ಕಟ್ಟಿಹಾಕುವುದಿಲ್ಲ ನಿಜ, ಆದರೆ ಬದಲಾವಣೆಗೆ ಕಾರಣ ತಿಳಿಯುವುದು ನ್ಯಾಯ.

ನಿಮ್ಮ ಪರಿಚಯದವರ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಮರುಪರಿಶೀಲನೆಯಲ್ಲಿಯೂ ನ್ಯಾಯಮಂಡಳಿಯಲ್ಲಿಯೂ ಇಡೀ ನಿರ್ಧಾರವನ್ನೇ ನೋಡಬಹುದು, ಇರುವುದನ್ನು ಇಳಿಸಲೂಬಹುದು. ನಿಮ್ಮಲ್ಲಿರುವುದು ಸರಿಯಾಗಿ 8 ಅಂಕ. ಅದರಲ್ಲಿ ಎರಡು ಹೋದರೆ ದಿನನಿತ್ಯದ ಭಾಗ ಪೂರ್ತಿ ಹೋಗುತ್ತದೆ, ಅದರ ಮೇಲೆ ನಿಂತಿರುವ, ನಿಮ್ಮನ್ನು ನೋಡಿಕೊಳ್ಳುವುದಕ್ಕೆ ಯಜಮಾನರಿಗೆ ಬರುವ ಕೇರರ್ಸ್ ಅಲವೆನ್ಸ್ ಕೂಡ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಮುಂದುವರಿಯಿರಿ. ಈಗಿರುವ ಎಂಟೂ ಅಂಕಗಳಿಗೆ ನಿಮ್ಮಲ್ಲಿ ಗಟ್ಟಿಯಾದ ಆಧಾರವಿದೆ. ನ್ಯಾಯಮಂಡಳಿ ಇಳಿಸುವ ಯೋಚನೆಯಲ್ಲಿದ್ದರೆ ಸಾಮಾನ್ಯವಾಗಿ ಮೊದಲೇ ಎಚ್ಚರಿಸಿ, ಮೇಲ್ಮನವಿ ಹಿಂಪಡೆಯಲು ಅವಕಾಶ ಕೊಡುತ್ತದೆ. ಹೊರಡುವ ಮುನ್ನ ಸಲಹಾ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ಗೆ ಅಥವಾ ನಿಮ್ಮ ನಗರಸಭೆಯ ವೆಲ್ಫೇರ್ ರೈಟ್ಸ್ ಸಲಹೆಗಾರರಿಗೆ ಎಲ್ಲ ಕಾಗದ ತೋರಿಸಿ. ಹಣ ಕೇಳುವುದಿಲ್ಲ.

ಮರುಪರಿಶೀಲನೆಯಲ್ಲಿ ‘ಬದಲಾವಣೆ ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ಕೈಬಿಡಬೇಡಿ. ಬಹಳ ಮಂದಿ ಸೋಲುವುದು ಅಲ್ಲಿಯೇ, ಸುಸ್ತಾಗಿ. ಆ ಉತ್ತರದ ದಿನದಿಂದ ಒಂದು ತಿಂಗಳೊಳಗೆ ಎಸ್‌ಎಸ್‌ಸಿಎಸ್1 ಎಂಬ ನಮೂನೆ ತುಂಬಿ, ಇಲ್ಲವೇ ಆನ್‌ಲೈನಿನಲ್ಲಿ, ನ್ಯಾಯಮಂಡಳಿಗೆ, ಅಂದರೆ ಫಸ್ಟ್ ಟಿಯರ್ ಟ್ರಿಬ್ಯುನಲ್‌ಗೆ ಹೋಗಬಹುದು. ಶುಲ್ಕವಿಲ್ಲ. ಅದು ಇಲಾಖೆಯ ಕೈಕೆಳಗಿನದಲ್ಲ. ಒಬ್ಬ ನ್ಯಾಯಾಧೀಶ, ಒಬ್ಬ ವೈದ್ಯ, ಅಂಗವೈಕಲ್ಯದ ಅನುಭವವಿರುವ ಇನ್ನೊಬ್ಬ ಸದಸ್ಯ ಕೂತು ನಿಮ್ಮನ್ನೇ ಕೇಳುತ್ತಾರೆ. ವಿಚಾರಣೆಗೆ ಬಂದ ಪಿಪ್ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿಯೇ ಆಗುತ್ತಾ ಬಂದಿವೆ. ಕಾಗದ ನೋಡಿ ತೀರ್ಮಾನಿಸಿ ಎಂದು ಬಿಡದೆ ಮುಖಾಮುಖಿ ವಿಚಾರಣೆ ಕೇಳಿ. ನಿಮ್ಮ ಕೈಯನ್ನು ಅವರು ಕಣ್ಣಾರೆ ನೋಡಲಿ. ಕನ್ನಡ ದುಭಾಷಿ ಬೇಕು ಎಂದು ನಮೂನೆಯಲ್ಲಿಯೇ ಬರೆಯಿರಿ, ನ್ಯಾಯಮಂಡಳಿ ತನ್ನ ಖರ್ಚಿನಲ್ಲಿ ಒದಗಿಸುತ್ತದೆ. ಇಷ್ಟು ವರ್ಷ ಇಂಗ್ಲಿಷ್ ಮಾತನಾಡಿದ್ದೀರಿ, ಆದರೆ ಸ್ನಾನದ ಮನೆಯ ಕಷ್ಟವನ್ನು ಹೇಳಲು ತಾಯಿಮಾತೇ ಬೇಕಾಗುತ್ತದೆ. ಮಗಳನ್ನು ದುಭಾಷಿಯಾಗಿ ಕೂರಿಸುವ ಯೋಚನೆ ಬೇಡ, ಅವಳು ಸಾಕ್ಷಿ ಹೇಳಲಿ. ವಿಚಾರಣೆಗೆ ಮೊದಲೇ ಇಲಾಖೆ ಫೋನು ಮಾಡಿ ಇಷ್ಟು ಕೊಡುತ್ತೇವೆ ಎಂದರೆ ತಕ್ಷಣ ಹೂಂ ಎನ್ನಬೇಡಿ, ಸಲಹೆಗಾರರನ್ನು ಕೇಳಿ ಹೇಳುತ್ತೇನೆ ಎನ್ನಿ. ಗೆದ್ದರೆ ಕಡಿತವಾದ ದಿನದಿಂದ ಬಾಕಿ ಸೇರಿ ಬರುತ್ತದೆ.

ಸ್ಕಾಟ್ಲೆಂಡಿನಲ್ಲಿರುವ ಓದುಗರಿಗೆ ಈ ದಾರಿ ಅನ್ವಯಿಸುವುದಿಲ್ಲ. ಅಲ್ಲಿ ಪಿಪ್ ಬದಲು ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಬಂದಿದೆ, ಮರುನಿರ್ಧಾರ ಕೇಳಲು 42 ದಿನವಿದೆ. ಕಡಿತವನ್ನು ಪ್ರಶ್ನಿಸುವ ಅವಧಿಯಲ್ಲಿ ತಾತ್ಕಾಲಿಕ ನೆರವನ್ನೂ ಕೊಡುತ್ತಾರೆ. ಇಂಗ್ಲೆಂಡಿನಲ್ಲಿಯೂ ಅದು ಇರಬೇಕಿತ್ತು.

ನಿಮ್ಮ ಮಗನಿಗೆ ಎರಡು ಮಾತು. ಅಪ್ಪಾ, ಅಮ್ಮ ಕೈಯೊಡ್ಡಿಲ್ಲ. ಈ ಹಣ ಆದಾಯ ನೋಡಿ ಕೊಡುವ ಭಿಕ್ಷೆಯಲ್ಲ, ದುಡಿದದ್ದಕ್ಕೆ ಪ್ರತಿಫಲವೂ ಅಲ್ಲ. ಕಾಯಿಲೆಯಿಂದ ಬದುಕಿಗೆ ಬೀಳುವ ಹೆಚ್ಚಿನ ಖರ್ಚಿಗೆಂದು ಆ ದೇಶದ ಸಂಸತ್ತು 2012ರಲ್ಲಿ ಕಾನೂನು ಮಾಡಿ ಇಟ್ಟದ್ದು. ಕೆಲಸದಲ್ಲಿರುವವರಿಗೂ ಇದೆ, ಅನುಕೂಲಸ್ಥರಿಗೂ ಇದೆ. ನಿರ್ಧಾರ ತಪ್ಪೆನಿಸಿದರೆ ಪ್ರಶ್ನಿಸುವ ದಾರಿಯನ್ನೂ ಆ ಕಾನೂನೇ ತೋರಿಸಿದೆ. ಆ ದಾರಿಯಲ್ಲಿ ಹೋಗುವುದು ಜಗಳವಲ್ಲ. ಅಮ್ಮನಿಗೆ ಬರೆಯಲು ಬೆರಳು ಬಾಗುವುದಿಲ್ಲ, ಆ ಪತ್ರವನ್ನು ನೀನು ಟೈಪ್ ಮಾಡಿಕೊಡು.

ಸೋದರಿ, ಕೊನೆಯದಾಗಿ ಒಂದು. ಈಚೆಗೆ ಎಡಗೈ ಮಣಿಕಟ್ಟೂ ಊದಿಕೊಂಡಿದೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ನ್ಯಾಯಮಂಡಳಿ ನೋಡುವುದು ನಿರ್ಧಾರವಾದ ದಿನ ನಿಮ್ಮ ಸ್ಥಿತಿ ಹೇಗಿತ್ತು ಎಂಬುದನ್ನು ಮಾತ್ರ. ಈ ಊತ ಆಮೇಲೆ ಬಂದದ್ದಾದರೆ ಅದನ್ನು ಇದರೊಳಗೆ ಬೆರೆಸಬೇಡಿ. ಸ್ಥಿತಿ ಬದಲಾಗಿದೆ ಎಂದು ಬೇರೆಯಾಗಿ ತಿಳಿಸುವ ವ್ಯವಸ್ಥೆಯಿದೆ. ಆದರೆ ಯಾವಾಗ, ಹೇಗೆ ತಿಳಿಸಬೇಕೆಂದು ಸಲಹೆಗಾರರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. ವರದಿಯ ಪ್ರತಿ ಬಂದ ಕೂಡಲೇ ನನಗೂ ಕಳಿಸಿ, ಸಾಲು ಸಾಲಾಗಿ ಓದಿ ಉತ್ತರ ಬರೆಯುತ್ತೇನೆ.