ಮಫಿನ್ ಮಿಶ್ರಣದಿಂದ ಹಣ್ಣಿನ ಲೋಫ್

ಪ್ರಶ್ನೆ: ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಮತ್ತು ಉಪ್ಪು ಬೆರೆಸಿದ ಒಣ ಮಿಶ್ರಣವನ್ನು ಮನೆಯಲ್ಲೇ ತಯಾರಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಅದರಿಂದ ಮಫಿನ್ ಚೆನ್ನಾಗಿ ಬರುತ್ತದೆ. ಆದರೆ ಹಣ್ಣು ಸೇರಿಸಿ ಲೋಫ್ (ಉದ್ದನೆಯ ಟಿನ್ನಿನಲ್ಲಿ ಬೇಯಿಸುವ ಕೇಕ್) ಮಾಡಿದಾಗ ಮೇಲ್ಭಾಗ ಸೀದು, ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಹಣ್ಣೆಲ್ಲ ತಳ ಸೇರುತ್ತದೆ. ಮಿಶ್ರಣದ ಪ್ರಮಾಣವನ್ನು ಬದಲಿಸಬೇಕೆ?

ಉತ್ತರ: ಮಿಶ್ರಣವನ್ನು ಬದಲಿಸುವ ಅಗತ್ಯವಿಲ್ಲ, ಬದಲಾಗಬೇಕಾದದ್ದು ಓವನ್ನಿನ ಶಾಖ ಮತ್ತು ಬೇಯಿಸುವ ಸಮಯ. ಮಫಿನ್ನಿನ ಪುಟ್ಟ ಅಚ್ಚಿನಲ್ಲಿ ಶಾಖ ನಡುಭಾಗವನ್ನು ಬೇಗ ತಲುಪುವುದರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಸಾಕಾಗುತ್ತದೆ. ಲೋಫ್ ಟಿನ್ನಿನಲ್ಲಿ ಹಿಟ್ಟು ದಪ್ಪವಾಗಿ ನಿಲ್ಲುತ್ತದೆ. ಅಲ್ಲಿಯೂ ಅಷ್ಟೇ ಶಾಖ ಕೊಟ್ಟರೆ ಒಳಭಾಗ ಬೇಯುವ ಮೊದಲೇ ಹೊರಪದರ ಗಟ್ಟಿಯಾಗಿ ಸೀಯುತ್ತದೆ. ಆದ್ದರಿಂದ ಶಾಖವನ್ನು 175 ಡಿಗ್ರಿಗೆ ಇಳಿಸಿ, 50ರಿಂದ 60 ನಿಮಿಷ ಬೇಯಿಸಿ. 40 ನಿಮಿಷಗಳ ಹೊತ್ತಿಗೇ ಮೇಲ್ಭಾಗ ಕಡುಗೆಂಪಾಗಿದ್ದರೆ ಅಲ್ಯೂಮಿನಿಯಂ ಫಾಯಿಲ್ ಅನ್ನು ಸಡಿಲವಾಗಿ ಹೊದಿಸಿ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಲೋಫ್ ಬೆಂದಿದೆ ಎಂದರ್ಥ.

ಹಣ್ಣು ತಳ ಸೇರುವುದಕ್ಕೆ ಸಾಮಾನ್ಯವಾಗಿ ಹಿಟ್ಟು ತೆಳುವಾಗಿರುವುದೇ ಕಾರಣ. 250 ಗ್ರಾಂ ಮೈದಾ, 120 ಗ್ರಾಂ ಸಕ್ಕರೆ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು ಇರುವಷ್ಟು ಮಿಶ್ರಣಕ್ಕೆ ಎರಡು ಮೊಟ್ಟೆ, 150 ಮಿಲಿಲೀಟರ್ ಹಾಲು, 80 ಮಿಲಿಲೀಟರ್ ಎಣ್ಣೆ ಸಾಕು. ಸೌಟಿನಿಂದ ಸುರಿದಾಗ ಹಿಟ್ಟು ಧಾರೆಯಾಗಿ ಹರಿಯದೆ, ಮುದ್ದೆಯಾಗಿ ಜಾರಿ ಬೀಳಬೇಕು. ಈ ಅಳತೆಗೆ 150 ಗ್ರಾಂ ಹಣ್ಣು ಹಿತವಾಗಿರುತ್ತದೆ. ಒಣದ್ರಾಕ್ಷಿಯಂತಹ ಒಣಹಣ್ಣುಗಳನ್ನು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಯೇ ಸೇರಿಸಿ. ಕಿವುಚಿದ ಬಾಳೆಹಣ್ಣನ್ನು ಬಳಸುವುದಾದರೆ ಹಾಲನ್ನು ಅರ್ಧಕ್ಕೆ ಇಳಿಸಿ, ಹಿಟ್ಟಿನ ಹದ ನೋಡಿ ಬೇಕಿದ್ದಷ್ಟೇ ಹೆಚ್ಚಿಸಿ. ಹಣ್ಣಿಗೆ ಒಂದು ಚಮಚ ಒಣ ಮಿಶ್ರಣ ಸವರುವ ರೂಢಿಯಿಂದ ಅಲ್ಪ ಪ್ರಯೋಜನವಿದೆಯಾದರೂ, ತೆಳುವಾದ ಹಿಟ್ಟಿಗೆ ಅದು ಪರಿಹಾರವಾಗಲಾರದು.

ಡಬ್ಬಿಯಲ್ಲಿಟ್ಟ ಮಿಶ್ರಣದ ಪದಾರ್ಥಗಳು ಎಲ್ಲೆಡೆ ಸಮನಾಗಿ ಬೆರೆತಿರುವುದಿಲ್ಲವಾದ್ದರಿಂದ ಅಳೆಯುವ ಮುನ್ನ ತಳದವರೆಗೆ ಕೈಯಾಡಿಸಿ. ತೇವ ತಗುಲಿದ ಬೇಕಿಂಗ್ ಪೌಡರ್ ಶಕ್ತಿ ಕಳೆದುಕೊಳ್ಳುವುದರಿಂದ ಮುಚ್ಚಳ ಬಿಗಿಯಾಗಿರಲಿ. ಹಾಲು, ಮೊಟ್ಟೆ, ಎಣ್ಣೆ ಸೇರಿಸಿದ ಮೇಲೆ ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಹೆಚ್ಚು ಕಲಸಿದರೆ ಗ್ಲುಟೆನ್ (ಮೈದಾಕ್ಕೆ ಅಂಟು ಕೊಡುವ ಪ್ರೋಟೀನ್) ಬಲಿತು ಲೋಫ್ ಗಡುಸಾಗುತ್ತದೆ. 23 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದ ಟಿನ್ ಆರಿಸಿ, ಅದರ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಬೆಂದ ಲೋಫ್ ಅನ್ನು 10 ನಿಮಿಷ ಟಿನ್ನಿನಲ್ಲೇ ಬಿಟ್ಟು, ನಂತರ ಜಾಲರಿಯ ಮೇಲಿಟ್ಟು ಪೂರ್ತಿ ಆರಿದ ಮೇಲೆಯೇ ಕತ್ತರಿಸಿ.