ದಾವಣಗೆರೆ ಕೋರ್ಟು ನಿರಪರಾಧಿಗೆ ಗಲ್ಲು ವಿಧಿಸಿದರೆ ತಡೆಯುವುದು ಹೇಗೆ?

ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದ ಮಾತ್ರಕ್ಕೆ ನೇಣು ಹಾಕುವಂತಿಲ್ಲ. ಅಪೀಲು ಹಾಕಲಿ ಬಿಡಲಿ, ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 407ನೇ ಕಲಮಿನಂತೆ ಕಡತ ಬೆಂಗಳೂರಿನ ಹೈಕೋರ್ಟಿಗೆ ಹೋಗಲೇಬೇಕು. ಅಲ್ಲಿ ಸಾಕ್ಷ್ಯವನ್ನೆಲ್ಲ ಮೊದಲಿಂದ ತೂಗಿ ನೋಡುತ್ತಾರೆ. ಆದರೂ ಅಪೀಲನ್ನು 30 ದಿನದೊಳಗೆ ಹಾಕಿಬಿಡಿ. ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ತೀರ್ಪು ಎಡವುವ ಒಂದು ಜಾಗ, ಸಾಕ್ಷಿ ಆರೋಪಿಯನ್ನು ಗುರುತಿಸುವ ಹಂತ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಎಂದಿತ್ತು. ಕಣ್ಣಾರೆ ಕಂಡ ಸಾಕ್ಷಿ ಪೊಲೀಸರ ಆಲ್ಬಮ್ಮಿನಲ್ಲಿ ಬೆರಳಿಟ್ಟು ತೋರಿಸಿದ್ದು ಬೇರೆಯೇ ನಾಲ್ವರನ್ನು! 2019ರಲ್ಲಿ ಅದೇ ಕೋರ್ಟು ಆರೂ ಜನರನ್ನು ಖುಲಾಸೆ ಮಾಡಿ, ತಲಾ 5 ಲಕ್ಷ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಎಷ್ಟೋ ವರ್ಷ ಜೈಲಿನಲ್ಲೇ ಕಳೆದಿತ್ತು. ಹಾಗಾಗಿ ಸಾಕ್ಷಿಯ ಮೊದಲ ಹೇಳಿಕೆಯನ್ನೂ ಗುರುತು ಪರೇಡಿನ (ಸಾಲಾಗಿ ನಿಂತವರಲ್ಲಿ ಆರೋಪಿಯನ್ನು ಸಾಕ್ಷಿ ಗುರುತಿಸುವುದು) ವರದಿಯನ್ನೂ ಪಕ್ಕಪಕ್ಕ ಇಟ್ಟು, ತಾರೀಖು ಸಮೇತ ವಕೀಲರಿಂದ ಓದಿಸಿ.